ಈ ಸಲ ಯಾರ ಮಂಡಿ ಗಟ್ಟಿ?

ಸೆಪ್ಟೆಂಬರ್ 4ರ ಗುರುವಾರ ರಾತ್ರಿ ಫಿಲಡೆಲ್ಫಿಯಾದಲ್ಲಿ ಈಗಲ್ಸ್ ಮತ್ತು ಕೌಬಾಯ್ಸ್ ಪಂದ್ಯ. ಅಲ್ಲಿಂದ ಅಮೆರಿಕನ್ ಫುಟ್‌ಬಾಲಿನ 2025ರ ಋತು ಶುರು. ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ರನ್ನಿಂಗ್ ಬ್ಯಾಕ್‌ಗಳದೇ ವಿಚಾರ: ಯಾರ ಕಾಲು ವಾಸಿಯಾಗಿದೆ, ಯಾರನ್ನು ನಂಬಬಹುದು, ಯಾರ ಕಥೆ ಮುಗಿಯಿತು. ಹೊಸ ಓದುಗರಿಗೆ ಒಂದು ಮಾತು. ನಾನು ಸಾಗರದ ಕಡೆಯವಳು, ಓದಿದ್ದು ಮಂಗಳೂರಿನಲ್ಲಿ. ಹದಿನೆಂಟು ವರ್ಷದಿಂದ ಕ್ಲೀವ್‌ಲ್ಯಾಂಡ್ ಪಕ್ಕದ ಊರಿನಲ್ಲಿ ಫಿಸಿಯೊಥೆರಪಿ ಮಾಡುತ್ತಿದ್ದೇನೆ. ನನ್ನ ಹತ್ತಿರ ಬರುವವರಲ್ಲಿ ಹೈಸ್ಕೂಲಿನ ಆಟಗಾರರೇ ಹೆಚ್ಚು.

ಪ್ರಶ್ನೆ: ಮೊಮ್ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಫೋನ್ ಮಾಡಿದಾಗಲೆಲ್ಲ ‘ಅಜ್ಜಿ, ನನ್ನ ರನ್ನಿಂಗ್ ಬ್ಯಾಕ್‌ಗೆ ಏಟಾಯಿತು’ ಅಂತಾನೆ. ಯಾರಮ್ಮ ಈ ರನ್ನಿಂಗ್ ಬ್ಯಾಕು? ಅವನಿಗೇ ಯಾಕೆ ಇಷ್ಟು ಏಟು?
— ಓದುಗರು, ಮೈಸೂರು

ಉತ್ತರ: ಅಮ್ಮಾ, ಕಬಡ್ಡಿಯ ರೈಡರ್‌ನನ್ನು ನೆನಪಿಸಿಕೊಳ್ಳಿ. ಎದುರಾಳಿಗಳ ಅಂಗಳಕ್ಕೆ ಒಬ್ಬನೇ ನುಗ್ಗುತ್ತಾನೆ, ಏಳು ಜನವೂ ಅವನ ಮೇಲೇ ಬೀಳಲು ಕಾಯುತ್ತಿರುತ್ತಾರೆ. ರನ್ನಿಂಗ್ ಬ್ಯಾಕ್‌ನ ಕೆಲಸವೂ ಅಂಥದ್ದೇ. ಚೆಂಡು ಕೈಗೆ ಬಂದ ಕೂಡಲೇ ಹನ್ನೊಂದು ಜನರ ಗೋಡೆಯೊಳಗೆ ಸಂದಿ ಹುಡುಕಿ ನುಗ್ಗಬೇಕು. ನಾಲ್ಕು ಗಜ ಸಿಕ್ಕರೆ ಒಳ್ಳೆಯ ಓಟ. ರೈಡರ್ ಬೇಡವೆನಿಸಿದರೆ ಬರಿಗೈಯಲ್ಲಿ ಗೆರೆಗೆ ವಾಪಸು ಬರಬಹುದು, ಇವನಿಗೆ ಆ ದಾರಿಯಿಲ್ಲ. ಒಂದು ಪಂದ್ಯದಲ್ಲಿ ಇಪ್ಪತ್ತು ಸಲ ನುಗ್ಗಿದರೆ ಹೆಚ್ಚುಕಡಿಮೆ ಇಪ್ಪತ್ತು ಸಲವೂ ಕೆಡವಿಸಿಕೊಂಡೇ ಏಳಬೇಕು.

ಎಲ್ಲ ಗಾಯವೂ ಡಿಕ್ಕಿಯಿಂದ ಆಗುವುದಿಲ್ಲ. ಜೋರಾಗಿ ಓಡುತ್ತಿದ್ದವನು ಪಾದ ಊರಿ ಸರಕ್ಕನೆ ದಿಕ್ಕು ಬದಲಿಸುತ್ತಾನೆ. ಪಾದ ಹುಲ್ಲಿಗೆ ಕಚ್ಚಿಕೊಂಡಿರುತ್ತದೆ, ಮೈ ತಿರುಗಿರುತ್ತದೆ, ನಡುವೆ ಸಿಕ್ಕ ಮಂಡಿ ತಿರುಚಿಕೊಳ್ಳುತ್ತದೆ. ಯಾರೂ ಮುಟ್ಟದೆಯೂ ಲಿಗಮೆಂಟ್, ಅಂದರೆ ಮೂಳೆಗೆ ಮೂಳೆ ಬಿಗಿದಿಡುವ ನಾರು, ಹರಿಯುವುದು ಹೀಗೆ. ಮೊಮ್ಮಗ ‘ನನ್ನ’ ಅನ್ನುವುದು ಫ್ಯಾಂಟಸಿ ಆಟದ ಲೆಕ್ಕದಲ್ಲಿ. ನಿಜವಾದ ಆಟಗಾರರನ್ನು ಕಾಗದದ ಮೇಲೆ ತನ್ನ ತಂಡಕ್ಕೆ ಸೇರಿಸಿಕೊಂಡು, ಅವರು ಓಡಿದ ಗಜಗಳಿಗೆ ಅಂಕ ಎಣಿಸುತ್ತಾನೆ. ಮುಂದಿನ ಸಲ ಫೋನ್ ಬಂದಾಗ ‘ಯಾವ ಕಾಲು, ಏನು ಏಟು’ ಅಂತ ಕೇಳಿ ನೋಡಿ, ಅರ್ಧ ಗಂಟೆ ಮಾತಾಡುತ್ತಾನೆ.

ಪ್ರಶ್ನೆ: ನಮ್ಮದು ಹತ್ತು ಕನ್ನಡ ಮನೆಗಳ ಫ್ಯಾಂಟಸಿ ಲೀಗ್. ಈಗಲ್ಸ್ ತಂಡದ ರನ್ನಿಂಗ್ ಬ್ಯಾಕ್ ಸೇಕ್ವಾನ್ ಬಾರ್ಕ್ಲೀಯನ್ನು ಮೊದಲಿಗೇ ತೆಗೆದುಕೊಳ್ಳೋಣ ಅಂತ ಮಗ. ಎರಡು ಸಾವಿರ ಗಜ ಓಡಿದವರಿಗೆ ಮರುವರ್ಷ ಶಾಪ ತಟ್ಟುತ್ತೆ ಅಂತ ನಾನು. ಮನೆಯಲ್ಲಿ ಊಟದ ಹೊತ್ತಿಗೆಲ್ಲ ಇದೇ ಜಗಳ. ಕಳೆದ ಸಲ ಕೊನೆಯ ಪಂದ್ಯ ಆಡಿಸಿದ್ದರೆ ದಾಖಲೆಯಾದರೂ ಆಗುತ್ತಿತ್ತು. ನೀವೇನಂತೀರಿ ಮೇಡಂ?
— ಓದುಗರು, ಫಿಲಡೆಲ್ಫಿಯಾ ಹತ್ತಿರ

ಉತ್ತರ: ಸರ್, ಮೊದಲು ಲೆಕ್ಕ ನೋಡೋಣ. ಒಂದು ಋತುವಿನಲ್ಲಿ ಎರಡು ಸಾವಿರ ಗಜ ದಾಟಿದವರು ಇದುವರೆಗೆ ಒಂಬತ್ತೇ ಮಂದಿ. ಒಂಬತ್ತನೆಯವನು ಬಾರ್ಕ್ಲೀ, 2024ರಲ್ಲಿ 2,005 ಗಜ. ಹಿಂದಿನ ಎಂಟು ಮಂದಿಯಲ್ಲಿ ಒಬ್ಬನೂ ಮತ್ತೊಮ್ಮೆ ಆ ಗಡಿ ಮುಟ್ಟಿಲ್ಲ. ಮರುವರ್ಷ ದೊಡ್ಡ ಗಾಯಕ್ಕೆ ಸಿಕ್ಕವರು ಇಬ್ಬರು. ಟೆರೆಲ್ ಡೇವಿಸ್ 1999ರ ನಾಲ್ಕನೇ ಪಂದ್ಯದಲ್ಲಿ ಮಂಡಿಯ ಲಿಗಮೆಂಟ್ ಹರಿದುಕೊಂಡ, ಆಮೇಲೆ ಮೊದಲಿನ ಡೇವಿಸ್ ಆಗಲೇ ಇಲ್ಲ. ಡೆರಿಕ್ ಹೆನ್ರಿ 2021ರಲ್ಲಿ ಎಂಟು ಪಂದ್ಯ ಆಡುವಷ್ಟರಲ್ಲಿ ಪಾದದ ಮೂಳೆ ಮುರಿದುಕೊಂಡ. ಉಳಿದ ಆರು ಮಂದಿ ಮರುವರ್ಷ ಓಡಿದ್ದು 1,006ರಿಂದ 1,491 ಗಜಗಳ ನಡುವೆ. ಅದೇನು ಕಡಿಮೆಯೇ? ನಮ್ಮ ಕಡೆ ಅಪ್ಪೆಮಿಡಿ ಮರ ಒಂದು ವರ್ಷ ಕೊಂಬೆ ಬಗ್ಗುವಷ್ಟು ಬಿಟ್ಟರೆ ಮರುವರ್ಷ ಅಷ್ಟು ಬಿಡುವುದಿಲ್ಲ. ಅದಕ್ಕೆ ಯಾರೂ ಮರಕ್ಕೆ ಶಾಪ ತಟ್ಟಿತು ಅನ್ನುವುದಿಲ್ಲ. ಎಲ್ಲ ಕೂಡಿಬಂದ ವರ್ಷ ಮರುವರ್ಷವೂ ಹಾಗೇ ಕೂಡಿಬರುವುದು ಅಪರೂಪ, ಅಷ್ಟೇ.

ನನಗೆ ಚಿಂತೆ ಇರುವುದು ಬೇರೆ ಲೆಕ್ಕದ ಮೇಲೆ. ಕಳೆದ ಋತುವಿನಲ್ಲಿ ಬಾರ್ಕ್ಲೀ ಚೆಂಡು ಹಿಡಿದು ಓಡಿದ್ದು 345 ಸಲ. ಪ್ಲೇಆಫ್‌ನ ನಾಲ್ಕು ಪಂದ್ಯಗಳಲ್ಲಿ ಇನ್ನೂ 91. ಒಟ್ಟು 436. ಅದೂ 2020ರಲ್ಲಿ ಷಿಕಾಗೋದಲ್ಲಿ ಎಸಿಎಲ್ (ಮಂಡಿಯ ನಡುವಿನ ಮುಖ್ಯ ಲಿಗಮೆಂಟ್) ಹರಿದುಕೊಂಡಿದ್ದ ಮಂಡಿಯ ಮೇಲೆ. ಪಂದ್ಯಾವಳಿ ಫೆಬ್ರವರಿ 9ಕ್ಕೆ ಮುಗಿದರೆ ಆ ಮೈಗೆ ವಿಶ್ರಾಂತಿ ಸಿಗುವುದು ಎಷ್ಟು ದಿನ? ಹಾಗಂತ ಹೆದರಿ ಬಿಟ್ಟುಬಿಡಿ ಎನ್ನಲಾರೆ. ಮೂವತ್ತು ತುಂಬಿದ ಹೆನ್ರಿ 2024ರಲ್ಲಿ 1,921 ಗಜ ಓಡಿದ್ದನ್ನು ನಾವೇ ನೋಡಿದ್ದೇವೆ. ಮಗ ಕೇಳಿದ ಹಾಗೆ ಬಾರ್ಕ್ಲೀಯನ್ನು ತೆಗೆದುಕೊಳ್ಳಿ. ಆದರೆ ಎರಡು ಸಾವಿರದ ಆಸೆ ಬಿಟ್ಟು ಸಾವಿರದ ಮುನ್ನೂರರ ಲೆಕ್ಕದಲ್ಲಿ ತೆಗೆದುಕೊಳ್ಳಿ, ಅವನ ಬದಲಿ ಆಟಗಾರನನ್ನೂ ಜೊತೆಗಿಟ್ಟುಕೊಳ್ಳಿ.

ಕೊನೆಯ ಪಂದ್ಯದ ವಿಷಯದಲ್ಲಿ ಮಾತ್ರ ನಿಮ್ಮ ಮಾತು ನಾನು ಒಪ್ಪುವುದಿಲ್ಲ. 1984ರ ಎರಿಕ್ ಡಿಕರ್ಸನ್‌ನ 2,105 ಗಜಗಳ ದಾಖಲೆ ಮುರಿಯಲು ಬೇಕಿದ್ದದ್ದು 101 ಗಜ. ಆ ಪಂದ್ಯ ಗೆದ್ದರೂ ಸೋತರೂ ಈಗಲ್ಸ್‌ಗೆ ವ್ಯತ್ಯಾಸವಿರಲಿಲ್ಲ. ತರಬೇತುದಾರ ಅವನನ್ನು ಕೂರಿಸಿದರು. ಒಂದು ತಿಂಗಳ ನಂತರ, ತನ್ನ 28ನೇ ಹುಟ್ಟುಹಬ್ಬದ ದಿನ, ಬಾರ್ಕ್ಲೀ ಋತುವಿನ ಫೈನಲ್ ಆದ ಸೂಪರ್ ಬೌಲ್ ಗೆದ್ದ ತಂಡದಲ್ಲಿದ್ದ. ಚೀಫ್ಸ್ ಎದುರು 40–22. ನನ್ನ ಬಳಿ ಬರುವ ಹುಡುಗರಿಗೆಲ್ಲ ಈ ನಿರ್ಧಾರವನ್ನು ಹೇಳುತ್ತಿರುತ್ತೇನೆ.

ಪ್ರಶ್ನೆ: ಗಾಯಾಳುಗಳ ಪಟ್ಟಿ ಓದುವುದು ಹೇಗೆ? ‘ಕ್ವೆಶ್ಚನಬಲ್’ ಅಂದರೆ ಆಡುತ್ತಾನೋ ಇಲ್ಲವೋ? ಹೋದ ವರ್ಷ ಮೆಕಾಫ್ರೀಯನ್ನು ನಂಬಿ ಕೆಟ್ಟೆ.
— ಓದುಗರು, ಕೊಲಂಬಸ್

ಉತ್ತರ: ನೀವೊಬ್ಬರೇ ಅಲ್ಲ. 2024ರ ಆಗಸ್ಟಿನಲ್ಲಿ ಕ್ರಿಶ್ಚಿಯನ್ ಮೆಕಾಫ್ರೀಗೆ ಮೀನಖಂಡದ ನೋವು ಅಂದರು. ಮೊದಲ ಪಂದ್ಯಕ್ಕೆ ಬರುತ್ತಾನೆ ಅಂದುಕೊಂಡಿದ್ದಾಗ ಕೊನೆ ಗಳಿಗೆಯಲ್ಲಿ ಇಲ್ಲವೆಂದರು. ಆಮೇಲೆ ಗೊತ್ತಾದದ್ದು ಎರಡೂ ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜುವಿನ ಉರಿಯೂತ. ಚಿಕಿತ್ಸೆಗೆ ಜರ್ಮನಿಗೂ ಹೋಗಿ ಬಂದ. ನವೆಂಬರಿನಲ್ಲಿ ಮರಳಿ, ನಾಲ್ಕೇ ಪಂದ್ಯ ಆಡಿ, ಬಫಲೋದಲ್ಲಿ ಮಂಡಿಗೆ ಪೆಟ್ಟಾಗಿ ಋತು ಮುಗಿಸಿದ.

ಪಟ್ಟಿಯಲ್ಲಿ ಮೂರು ಮಾತು ಇರುತ್ತವೆ. ‘ಔಟ್’ ಅಂದರೆ ಇಲ್ಲ, ‘ಡೌಟ್‌ಫುಲ್’ ಅಂದರೂ ಹೆಚ್ಚುಕಡಿಮೆ ಇಲ್ಲ, ‘ಕ್ವೆಶ್ಚನಬಲ್’ ಅಂದರೆ ಯಾವುದೂ ಖಚಿತವಿಲ್ಲ. ‘ಪ್ರಾಬಬಲ್’ ಎಂಬುದನ್ನು 2016ರಲ್ಲೇ ತೆಗೆದುಹಾಕಿದರು. ಈ ಮಾತಿಗಿಂತ ಬುಧ, ಗುರು, ಶುಕ್ರವಾರಗಳ ಅಭ್ಯಾಸದ ಸಾಲು ನೋಡಿ. ಬುಧವಾರ ಅರ್ಧ, ಗುರುವಾರ ಅರ್ಧ, ಶುಕ್ರವಾರ ಪೂರ್ತಿ ಆಡಿದ್ದರೆ ಕಾಲು ಸುಧಾರಿಸುತ್ತಿದೆ. ಇದು ತಿರುಗುಮುರುಗಾಗಿದ್ದರೆ, ಅಂದರೆ ಶುಕ್ರವಾರ ಅಭ್ಯಾಸಕ್ಕೇ ಬಂದಿಲ್ಲವಾದರೆ, ಭಾನುವಾರ ಅವನನ್ನು ನೆಚ್ಚಬೇಡಿ.

ಪ್ರಶ್ನೆ: ದೊಡ್ಡ ಆಟಗಾರರನ್ನು ಆಗಸ್ಟಿನ ಅಭ್ಯಾಸ ಪಂದ್ಯಗಳಲ್ಲಿ ಯಾಕೆ ಆಡಿಸಬೇಕು? 2021ರಲ್ಲಿ ರೇವನ್ಸ್‌ಗೆ ಆದದ್ದು ಸಾಲದೇ?
— ಓದುಗರು, ಬಾಲ್ಟಿಮೋರ್

ಉತ್ತರ: ಜೆ. ಕೆ. ಡಾಬಿನ್ಸ್‌ನ ಮಂಡಿ ಹೋದದ್ದು ಆಗಸ್ಟ್ 28ರ ಅಭ್ಯಾಸ ಪಂದ್ಯದಲ್ಲಿ, ಸರಿ. ಆದರೆ ಅದೇ ತಂಡದ ಗಸ್ ಎಡ್ವರ್ಡ್ಸ್‌ಗೆ ಎಸಿಎಲ್ ಹರಿದದ್ದು ತಮ್ಮದೇ ಮೈದಾನದ ಅಭ್ಯಾಸದಲ್ಲಿ, ಋತು ಶುರುವಾಗಲು ಕೆಲವೇ ದಿನ ಇದ್ದಾಗ. ಜಸ್ಟಿಸ್ ಹಿಲ್‌ನ ಅಕಿಲಿಸ್ ಕೂಡ ಅದಕ್ಕೆ ಸ್ವಲ್ಪ ಮೊದಲು ಹೋಗಿತ್ತು. ಪಂದ್ಯ ತಪ್ಪಿಸಿದರೂ ಅಭ್ಯಾಸ ತಪ್ಪಿಸಲಾಗದು. ತಿಂಗಳುಗಟ್ಟಲೆ ಪೂರ್ತಿ ವೇಗದಲ್ಲಿ ಓಡದ ಕಾಲನ್ನು ಸೆಪ್ಟೆಂಬರಿನಲ್ಲಿ ಒಮ್ಮೆಲೇ ಓಡಿಸುವುದೂ ಅಪಾಯವೇ. ನನ್ನ ಅಭಿಪ್ರಾಯ: ವೇಗದ ಓಟ ಇರಲಿ, ಕೆಡವುವುದು ಬೇಡ.

ಪ್ರಶ್ನೆ: ನಿಮ್ಮ ಕ್ಲೀವ್‌ಲ್ಯಾಂಡ್ ತಂಡದಲ್ಲಿದ್ದ ರನ್ನಿಂಗ್ ಬ್ಯಾಕ್ ನಿಕ್ ಚಬ್ ಈಗ ನಮ್ಮ ಟೆಕ್ಸನ್ಸ್ ತಂಡಕ್ಕೆ ಬಂದಿದ್ದಾನೆ. ಜೋ ಮಿಕ್ಸನ್ ಪಾದದ ಗಾಯದಿಂದ ಹೊರಗಿರುವುದರಿಂದ ಚಬ್ ಮೇಲೆ ಭಾರ ಬೀಳುತ್ತದೆ. ಅವನಲ್ಲಿ ಇನ್ನೇನಾದರೂ ಉಳಿದಿದೆಯೇ? ನೀವು ಹತ್ತಿರದಿಂದ ನೋಡಿದವರು.
— ಓದುಗರು, ಹ್ಯೂಸ್ಟನ್

ಉತ್ತರ: ಈ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

2023ರ ಸೆಪ್ಟೆಂಬರ್ 18, ಸೋಮವಾರ, ಗಣೇಶನ ಹಬ್ಬ. ಸಂಜೆ ಪೂಜೆ ಮುಗಿಸಿ, ಬಂದಿದ್ದ ನಾಲ್ಕು ಮನೆಯವರಿಗೆ ಕಡುಬು ಬಡಿಸಿ ಟಿ.ವಿ. ಮುಂದೆ ಕೂತಿದ್ದೆವು. ಪಿಟ್ಸ್‌ಬರ್ಗ್‌ನಲ್ಲಿ ಪಂದ್ಯ. ಎರಡನೇ ಕ್ವಾರ್ಟರಿನಲ್ಲಿ ಚಬ್‌ನ ಎಡ ಮಂಡಿಗೆ ನೇರ ಏಟು ಬಿತ್ತು. ಟಿ.ವಿ.ಯವರು ಆ ದೃಶ್ಯವನ್ನು ಮತ್ತೆ ತೋರಿಸಲಿಲ್ಲ, ತೋರಿಸುವಂತಿರಲಿಲ್ಲ. ಒಂದು ಸಲ ನೋಡಿದ್ದೇ ನನಗೆ ಸಾಕಾಗಿತ್ತು. ಆ ಮಂಡಿ ಹಾಗೆ ಬಾಗಬಾರದು. ತಟ್ಟೆ ಕೆಳಗಿಟ್ಟು ಎದ್ದುಹೋದೆ.

ಅದು ಮೊದಲೇ ಒಮ್ಮೆ ಕೆಟ್ಟಿದ್ದ ಮಂಡಿ. 2015ರಲ್ಲಿ, ಜಾರ್ಜಿಯಾ ವಿಶ್ವವಿದ್ಯಾಲಯಕ್ಕೆ ಆಡುತ್ತಿದ್ದಾಗ, ಟೆನೆಸಿ ಎದುರಿನ ಪಂದ್ಯದಲ್ಲಿ ಅವನ ತಂಡದ ಮೊಟ್ಟಮೊದಲ ಓಟದಲ್ಲೇ ಅದೇ ಎಡ ಮಂಡಿಯ ಕೀಲು ತಪ್ಪಿ ಮೂರು ಲಿಗಮೆಂಟ್ ಹರಿದಿದ್ದವು. ಎಸಿಎಲ್ ಮಾತ್ರ ಉಳಿದಿತ್ತು. ಪಿಟ್ಸ್‌ಬರ್ಗ್‌ನಲ್ಲಿ ಅದೂ ಹೋಯಿತು. ಎರಡು ಶಸ್ತ್ರಚಿಕಿತ್ಸೆ ಬೇಕಾಯಿತು. ಹದಿಮೂರು ತಿಂಗಳ ಮೇಲೆ, 2024ರ ಅಕ್ಟೋಬರ್ 20ರಂದು ಮತ್ತೆ ಮೈದಾನಕ್ಕೆ ಬಂದಾಗ ಇಡೀ ಕ್ಲೀವ್‌ಲ್ಯಾಂಡ್ ಎದ್ದು ನಿಂತಿತು. ಆದರೆ ಎಂಟು ಪಂದ್ಯಗಳಲ್ಲಿ ಓಟಕ್ಕೆ 3.3 ಗಜ ಮಾತ್ರ ಬಂತು. 2022ರಲ್ಲಿ 1,525 ಗಜ ಓಡಿದ್ದವನು! ಡಿಸೆಂಬರಿನಲ್ಲಿ ಪಾದದ ಮೂಳೆ ಮುರಿದು ಅದೂ ನಿಂತಿತು.

ಇದನ್ನು ನೋಡಿ ‘ಮುಗಿಯಿತು’ ಅನ್ನುವವರಿಗೆ ನಾನು ಹೇಳುವುದು: ದೊಡ್ಡ ಮಂಡಿ ಶಸ್ತ್ರಚಿಕಿತ್ಸೆಯ ನಂತರ ಮರಳಿದ ಮೊದಲ ಋತುವಿನಿಂದ ಆಟಗಾರನನ್ನು ಅಳೆಯಬೇಡಿ. ಆಗ ಕಾಲು ಓಡುತ್ತದೆ, ಆದರೆ ಮನಸ್ಸು ಒಂದು ಕ್ಷಣ ತಡೆದು ಕೇಳುತ್ತದೆ, ಈ ಕಾಲಿನ ಮೇಲೆ ತಿರುಗಲೇ ಎಂದು. ಆ ಒಂದು ಕ್ಷಣದಲ್ಲಿ ಸಂದಿ ಮುಚ್ಚಿಹೋಗುತ್ತದೆ. ಎಲ್ಲರೂ ಆಡ್ರಿಯನ್ ಪೀಟರ್ಸನ್ ಹೆಸರು ಹೇಳುತ್ತಾರೆ. 2011ರ ಡಿಸೆಂಬರ್ 24ಕ್ಕೆ ಮಂಡಿ ಹರಿದುಕೊಂಡವನು ಮುಂದಿನ ಋತುವಿನಲ್ಲೇ 2,097 ಗಜ ಓಡಿದ. ಅಂಥವನು ಅವನೊಬ್ಬನೇ, ಅವನನ್ನು ಅಳತೆಗೋಲು ಮಾಡಿಕೊಂಡರೆ ಉಳಿದವರಿಗೆಲ್ಲ ಅನ್ಯಾಯವಾಗುತ್ತದೆ. ನನಗೆ ಫ್ರಾಂಕ್ ಗೋರ್‌ನ ದಾರಿ ಹೆಚ್ಚು ನಂಬಿಕೆಯದು. ಕಾಲೇಜಿನಲ್ಲೇ ಎರಡೂ ಮಂಡಿಯ ಎಸಿಎಲ್ ಹರಿದುಕೊಂಡವನು ಹದಿನಾರು ಋತು ಆಡಿ ಹದಿನಾರು ಸಾವಿರ ಗಜ ಓಡಿದ.

ಚಬ್‌ಗೆ ಡಿಸೆಂಬರಿಗೆ ಮೂವತ್ತು ತುಂಬುತ್ತದೆ. ಹಿಂದಿನ ಚಬ್ ಬರುತ್ತಾನೆ ಅಂತ ನಾನು ಹೇಳಲಾರೆ. ಒಂದು ಪಂದ್ಯಕ್ಕೆ ಹತ್ತು ಹನ್ನೆರಡು ಸಲ ಚೆಂಡು ಕೊಟ್ಟರೆ ನಿಮ್ಮ ತಂಡಕ್ಕೆ ಉಪಯೋಗಕ್ಕೆ ಬರುತ್ತಾನೆ, ಇಪ್ಪತ್ತೈದು ಸಲ ಕೊಡಬೇಡಿ. ಇನ್ನೊಂದು ಮಾತು. 2020ರ ನವೆಂಬರಿನಲ್ಲಿ ನಿಮ್ಮ ಟೆಕ್ಸನ್ಸ್ ಎದುರೇ ಅವನು 59 ಗಜ ಓಡಿ, ಮುಂದೆ ಯಾರೂ ಇಲ್ಲದಿದ್ದರೂ ಒಂದೇ ಗಜ ಉಳಿದಿದ್ದಾಗ ಬೇಕೆಂದೇ ಮೈದಾನದ ಪಕ್ಕದ ಗೆರೆಯಾಚೆ ಕಾಲಿಟ್ಟ. ಕೊನೆಯ ಗೆರೆ ದಾಟಿ ಟಚ್‌ಡೌನ್ ಮಾಡಿದ್ದರೆ ಅಂಕ ಬರುತ್ತಿತ್ತು, ಆದರೆ ಎದುರಾಳಿಗೆ ಮತ್ತೆ ಚೆಂಡು ಸಿಗುತ್ತಿತ್ತು. ತನ್ನ ಅಂಕ ಬಿಟ್ಟು ತಂಡಕ್ಕೆ 10–7ರ ಗೆಲುವು ಭದ್ರ ಮಾಡಿದ. ಅಂಥವನು ಈಗ ನಿಮ್ಮವನು. ಚೆನ್ನಾಗಿ ನೋಡಿಕೊಳ್ಳಿ.

ಪ್ರಶ್ನೆ: ನನ್ನ ಮಗನಿಗೆ ಹದಿನೈದು. ಫೆಬ್ರವರಿ ಕೊನೆಗೆ ಎಸಿಎಲ್ ಶಸ್ತ್ರಚಿಕಿತ್ಸೆ ಆಯಿತು. ಆರು ತಿಂಗಳಾಯಿತಲ್ಲ, ನೋವೂ ಇಲ್ಲ, ಆಡಲಿ ಅಂತ ಕೋಚ್. ಅವನೂ ಹಟ ಹಿಡಿದಿದ್ದಾನೆ. ಏನು ಮಾಡಲಿ ಅಕ್ಕಾ?
— ಒಬ್ಬ ತಾಯಿ, ಡಲ್ಲಾಸ್

ಉತ್ತರ: ಈಗ ಆಡಿಸಬೇಡಮ್ಮ.

ನೋವು ಹೋಗುವುದೇ ಬೇರೆ, ಹೊಸ ಲಿಗಮೆಂಟ್ ಗಟ್ಟಿಯಾಗುವುದೇ ಬೇರೆ. ಅವನ ಮಂಡಿಯೊಳಗೆ ಕೂರಿಸಿರುವುದು ಇನ್ನೊಂದು ಕಡೆಯಿಂದ ತೆಗೆದ ನಾರು. ಅದಕ್ಕೆ ರಕ್ತ ಹರಿದು, ಅದು ಲಿಗಮೆಂಟ್ ಆಗಿ ಬಲಿಯಲು ತಿಂಗಳುಗಳು ಬೇಕು. ಒಂಬತ್ತು ತಿಂಗಳಿಗೆ ಮೊದಲೇ ಆಟಕ್ಕೆ ಮರಳಿದವರಲ್ಲಿ ಮತ್ತೆ ಹರಿಯುವುದು ಹೆಚ್ಚು. ಚಿಕ್ಕ ವಯಸ್ಸಿನವರಲ್ಲಿ ಇನ್ನೂ ಹೆಚ್ಚು, ಕೆಲವರಿಗೆ ಚೆನ್ನಾಗಿದ್ದ ಇನ್ನೊಂದು ಮಂಡಿಯೇ ಹೋಗುತ್ತದೆ. ಒಂಬತ್ತು ತುಂಬಿದರೂ ಅಷ್ಟೇ ಸಾಲದು. ತೊಡೆಯ ಮುಂಭಾಗದ ಸ್ನಾಯುವಿನ ಬಲ ಒಳ್ಳೆಯ ಕಾಲಿನ ಶೇಕಡಾ 90ರಷ್ಟಾದರೂ ಇರಬೇಕು. ಒಂಟಿಗಾಲಿನ ನೆಗೆತದ ದೂರವೂ ಹಾಗೇ. ನೆಗೆದು ನೆಲಕ್ಕೆ ಇಳಿಯುವಾಗ ಮಂಡಿ ಒಳಗೆ ವಾಲಬಾರದು. ಇವತ್ತು ರಾತ್ರಿ ಒಂದು ಟೇಪು ತೆಗೆದುಕೊಂಡು ಅವನ ಎರಡೂ ತೊಡೆ ಸುತ್ತಳತೆ ನೋಡು. ಒಂದು ಸಣ್ಣಗಿದ್ದರೆ ಅವನಿಗೇ ತೋರಿಸು. ಮಾತಿಗೆ ಒಪ್ಪದ ಹುಡುಗರು ಟೇಪಿಗೆ ಒಪ್ಪುತ್ತಾರೆ.

ಕೆಲವು ವರ್ಷದ ಹಿಂದೆ ನನ್ನ ಹತ್ತಿರ ಬರುತ್ತಿದ್ದ ಒಬ್ಬ ಹುಡುಗನಿಗೂ ಹೀಗೇ ಐದೂವರೆ ತಿಂಗಳಾಗಿತ್ತು. ಬೇಡ ಎಂದು ಬರೆದುಕೊಟ್ಟೆ. ಶಾಲೆಯ ಕೋಚ್ ಕೇಳಲಿಲ್ಲ, ಅಪ್ಪನೂ ಸುಮ್ಮನಾದರು. ಮೂರನೇ ಪಂದ್ಯದಲ್ಲಿ ಅದೇ ಮಂಡಿ ಹರಿಯಿತು. ಅವನ ಅಮ್ಮ ಕ್ಲಿನಿಕ್ಕಿನ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದ್ದು ಇವತ್ತಿಗೂ ಕಣ್ಣ ಮುಂದಿದೆ. ಬರೆದುಕೊಟ್ಟು ಸುಮ್ಮನಾಗದೆ ಆ ಮನೆಗೇ ಫೋನ್ ಮಾಡಬೇಕಿತ್ತು ನಾನು. ಅದಕ್ಕೇ ಈಗ ನಿನಗೆ ಇಷ್ಟು ಒತ್ತಿ ಹೇಳುತ್ತಿರುವುದು. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರ ಅನುಮತಿ ಬರಹದಲ್ಲಿ ಬರುವವರೆಗೆ ಮೈದಾನಕ್ಕೆ ಇಳಿಸಬೇಡ.

ಪ್ರಶ್ನೆ: ಅಕ್ಕಾ, ನಮ್ದು ಕಬಡ್ಡಿ, ನಾನು ರೈಡರ್. ಹೋದ ತಿಂಗಳು ತಿರುಗುವಾಗ ಮಂಡಿ ಕಟಕ್ ಅಂತು. ಅವತ್ತೇ ಊದಿತ್ತು. ಈಗ ನೋವಿಲ್ಲ, ಆದರೆ ಒಮ್ಮೊಮ್ಮೆ ಮಂಡಿ ಜಾರಿದ ಹಾಗಾಗುತ್ತೆ. ಮುಂದಿನ ವಾರ ಟೂರ್ನಮೆಂಟ್ ಇದೆ. ಪಟ್ಟಿ ಕಟ್ಟಿಕೊಂಡು ಆಡಲಾ?
— ಓದುಗ, ರಾಣೆಬೆನ್ನೂರು

ಉತ್ತರ: ಬೇಡ ತಮ್ಮ. ಕಟಕ್ ಅಂದದ್ದು, ಅವತ್ತೇ ಊದಿದ್ದು, ಈಗ ಜಾರುವುದು: ಈ ಮೂರೂ ಕೂಡಿದರೆ ಎಸಿಎಲ್ ಹರಿದಿರುವ ಸಾಧ್ಯತೆ ಹೆಚ್ಚು. ಪಟ್ಟಿ ಅದನ್ನು ಹಿಡಿದಿಡುವುದಿಲ್ಲ. ಯಾರ ಕೈಯಲ್ಲೂ ಎಳೆಸಬೇಡ, ತಿಕ್ಕಿಸಬೇಡ. ನಮ್ಮಣ್ಣನಿಗೆ ಊರ ಜಾತ್ರೆಯ ಕಬಡ್ಡಿಯಲ್ಲಿ ಹೀಗೇ ಆದಾಗ ಎಣ್ಣೆ ಹಚ್ಚಿ ಎಳೆಸಿ ಮತ್ತೆ ಆಡಲು ಕಳಿಸಿದರು. ಇಪ್ಪತ್ತೆರಡಕ್ಕೆ ಅವನ ಆಟ ನಿಂತಿತು.

ನಿನಗೆ ಪವನ್ ಸೆಹ್ರಾವತ್ ಗೊತ್ತಿರುತ್ತಾನೆ, ಬೆಂಗಳೂರು ಬುಲ್ಸ್‌ನಲ್ಲಿದ್ದವನು. 2022ರಲ್ಲಿ 2.26 ಕೋಟಿ ರೂಪಾಯಿಗೆ ತಮಿಳ್ ತಲೈವಾಸ್ ಸೇರಿ, ಮೊದಲ ಪಂದ್ಯದಲ್ಲೇ ಮಂಡಿ ಪೆಟ್ಟಾಗಿ ಇಡೀ ಋತು ಹೊರಗೆ ಕೂತ. ಮರುವರ್ಷ ಅಕ್ಟೋಬರಿನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನಾಯಕನಾಗಿ ಭಾರತಕ್ಕೆ ಚಿನ್ನ ತಂದ.

ಈ ವಾರವೇ ದಾವಣಗೆರೆಗೋ ಹುಬ್ಬಳ್ಳಿಗೋ ಹೋಗಿ ಮೂಳೆ ವೈದ್ಯರಿಗೆ ತೋರಿಸು, ಎಂಆರ್‌ಐ ಬೇಕೆಂದರೆ ಮುಂದೂಡಬೇಡ. ಟೂರ್ನಮೆಂಟಿಗೆ ಹೋಗು, ಅಂಕ ಬರೆಯುವ ಮೇಜಿನ ಪಕ್ಕ ಕೂತುಕೋ. ವರದಿ ಬಂದ ಮೇಲೆ ನನಗೆ ಬರೆ.