ಮ್ಯೂನಿಕ್ಕೋ, ಬರ್ಲಿನ್ನೋ?

ಪ್ರಶ್ನೆ: ನಮ್ಮ ಕಂಪನಿ ನನ್ನನ್ನು ಜರ್ಮನಿಗೆ ಕಳುಹಿಸುತ್ತಿದ್ದು, ಮ್ಯೂನಿಕ್ ಮತ್ತು ಬರ್ಲಿನ್‌ಗಳಲ್ಲಿ ಒಂದನ್ನು ಆರಿಸಿಕೊಳ್ಳಲು ಹೇಳಿದೆ. ಮ್ಯೂನಿಕ್‌ನಲ್ಲಿ ಸಂಬಳ ವರ್ಷಕ್ಕೆ 6,000 ಯೂರೋ ಹೆಚ್ಚು. ಪತ್ನಿ ಮತ್ತು ಎಂಟು ವರ್ಷದ ಮಗಳೂ ಬರುತ್ತಾರೆ. ಮೂವರಿಗೂ ಜರ್ಮನ್ ಬಾರದು. ಯಾವ ಊರು ಮೇಲು?
– ಓದುಗರೊಬ್ಬರು, ಮೈಸೂರು

ಉತ್ತರ: ನೀವು ಸಂಬಳವನ್ನು ಮೊದಲು, ಮಗಳ ವಯಸ್ಸನ್ನು ಆಮೇಲೆ ಬರೆದಿದ್ದೀರಿ, ನಾನು ವಯಸ್ಸಿನಿಂದಲೇ ಆರಂಭಿಸುತ್ತೇನೆ. ಜರ್ಮನಿಯಲ್ಲಿ ಶಾಲಾ ಶಿಕ್ಷಣ ಆಯಾ ರಾಜ್ಯದ ಅಧಿಕಾರಕ್ಕೆ ಸೇರಿದ್ದರಿಂದ ಊರಿನ ಜೊತೆಗೆ ಶಾಲಾ ಪದ್ಧತಿಯನ್ನೂ ನೀವು ಆರಿಸುತ್ತಿದ್ದೀರಿ. ಮ್ಯೂನಿಕ್ ಇರುವ ಬವೇರಿಯಾದಲ್ಲಿ ಪ್ರಾಥಮಿಕ ಶಾಲೆ ನಾಲ್ಕನೆಯ ತರಗತಿಗೇ ಮುಗಿಯುತ್ತದೆ. ಮುಂದೆ ವಿಶ್ವವಿದ್ಯಾಲಯಕ್ಕೆ ನೇರ ದಾರಿಯಾದ ಗಿಮ್ನಾಸಿಯಂಗೆ ಸೇರಲು ಜರ್ಮನ್, ಗಣಿತ ಮತ್ತು ಪರಿಸರ ಅಧ್ಯಯನಗಳ ಸರಾಸರಿ ಸಾಮಾನ್ಯವಾಗಿ 2.33ನ್ನು ಮೀರಬಾರದು. (ಅಲ್ಲಿ 1 ಅತ್ಯುತ್ತಮ, 6 ಅತಿ ಕಳಪೆ, ನಮ್ಮ ಅಂಕಪಟ್ಟಿಗೆ ತಲೆಕೆಳಗು.) ಹೊರಗಿನಿಂದ ಬಂದ ಮಕ್ಕಳಿಗೆ ರಿಯಾಯಿತಿಯೂ, ಮುಂದೆ ಬೇರೆ ಶಾಲೆಗಳ ಮೂಲಕ ಮೇಲೇರುವ ದಾರಿಗಳೂ ಇವೆಯಾದರೂ, ಈಗಷ್ಟೇ ಜರ್ಮನ್ ಕಲಿಯತೊಡಗುವ ಮಗುವಿಗೆ ಒಂದೆರಡು ವರ್ಷದಲ್ಲಿ ಈ ಗಡಿ ದಾಟುವುದು ಸುಲಭವಲ್ಲ. ಬರ್ಲಿನ್‌ನಲ್ಲಿ ಪ್ರಾಥಮಿಕ ಶಾಲೆ ಆರನೆಯ ತರಗತಿಯವರೆಗಿದೆ. ಆ ಎರಡು ಹೆಚ್ಚುವರಿ ವರ್ಷಗಳೇ ನಿಮ್ಮ ಮಗಳಿಗೆ ಬೇಕಾದದ್ದು.

ಇನ್ನು ಹಣ. ತೆರಿಗೆ, ಸಾಮಾಜಿಕ ವಿಮೆ ಕಳೆದ ಮೇಲೆ ಆ 6,000 ಯೂರೋದಲ್ಲಿ ತಿಂಗಳಿಗೆ ಕೈಗೆ ಬರುವುದು 300ರ ಆಸುಪಾಸು. ಜರ್ಮನಿಯ ದೊಡ್ಡ ನಗರಗಳಲ್ಲೆಲ್ಲ ಬಾಡಿಗೆ ಅತಿ ದುಬಾರಿಯಾಗಿರುವುದು ಮ್ಯೂನಿಕ್‌ನಲ್ಲೇ. ಮೂವರಿಗೆ ಸಾಲುವ ಮನೆ ಹಿಡಿದರೆ ಆ ಹೆಚ್ಚಳ ಅಲ್ಲಿಗೇ ಸಂದಾಯವಾದೀತು.

ಮ್ಯೂನಿಕ್‌ಗೂ ತನ್ನ ಅನುಕೂಲಗಳಿವೆ. ಬೆಂಗಳೂರಿನಿಂದ ಅಲ್ಲಿಗೆ 2023ರ ನವೆಂಬರ್‌ನಲ್ಲಿ ನೇರ ವಿಮಾನ ಆರಂಭವಾಯಿತು. ಊರಿನಲ್ಲಿ ವಯಸ್ಸಾದ ತಂದೆತಾಯಿ ಇರುವವರಿಗೆ ಇದು ಸಣ್ಣ ಮಾತಲ್ಲ. ಬರ್ಲಿನ್‌ನಲ್ಲಿ ಡಿಸೆಂಬರ್ ಸಂಜೆ ನಾಲ್ಕಕ್ಕೇ ಸೂರ್ಯ ಮುಳುಗಿರುತ್ತಾನೆ. ಮಗಳಿಗೆ ನಾಲ್ಕು ವರ್ಷವಾಗಿದ್ದರೆ ನಾನು ಮ್ಯೂನಿಕ್ ಎನ್ನುತ್ತಿದ್ದೆನೇನೋ. ಈಗ ಬರ್ಲಿನ್ ಎನ್ನುತ್ತೇನೆ.

ಆದರೆ ಬರ್ಲಿನ್‌ನಲ್ಲೂ ಮನೆ ಸಿಗುವುದು ಕಷ್ಟ. ಆದ್ದರಿಂದ ಒಪ್ಪಿಗೆ ಕೊಡುವ ಮುನ್ನವೇ, ಮೊದಲ ಎರಡು ಮೂರು ತಿಂಗಳಿಗೆ ಪೀಠೋಪಕರಣ ಸಹಿತ ಮನೆಯನ್ನು ಕಂಪನಿಯಿಂದ ಕೇಳಿ ಪಡೆಯಿರಿ. ಆ ವಿಳಾಸದಲ್ಲಿ ವಾಸದ ನೋಂದಣಿಗೆ ಮಾಲೀಕರ ಒಪ್ಪಿಗೆ ಇರಲೇಬೇಕು: ಮನೆ ಸೇರಿದ ಎರಡು ವಾರದೊಳಗೆ ನೋಂದಣಿ ಕಡ್ಡಾಯ, ತೆರಿಗೆ ಸಂಖ್ಯೆ ಬರುವುದೂ ಅದರ ನಂತರವೇ. ಆಮೇಲೆ ಹಿಡಿಯುವ ಮನೆಗೆ ಮುಂಗಡವಾಗಿ, ಹೀಟಿಂಗ್ ಮುಂತಾದ ಖರ್ಚು ಸೇರಿಸದ ಬಾಡಿಗೆಯ ಮೂರು ತಿಂಗಳ ಮೊತ್ತಕ್ಕಿಂತ ಹೆಚ್ಚು ಕೇಳಲು ಕಾನೂನಿನಲ್ಲಿ ಅವಕಾಶವಿಲ್ಲ. ಅದನ್ನೂ ಮೂರು ಕಂತುಗಳಲ್ಲಿ ಕೊಡಬಹುದು.