ಕಿವಿ ಕೇಳದವರು ಕೆಲಸದ ಜಾಗದಲ್ಲಿ ಕಿರುಕುಳ ಸಹಿಸಿಕೊಳ್ಳೋದು ಹೇಗೆ?

ಸೂಪರ್‌ವೈಸರ್ ಎಲ್ಲರೆದುರು ‘ಕಿವುಡ’ ಅಂತ ಕರೀತಾರೆ, ಬಡ್ತಿಯೂ ಕೊಡ್ತಿಲ್ಲ ಅಂತ ಬರೆದಿದ್ದೀರಿ. ಕೋಲಾರದ ನರಸಾಪುರದಲ್ಲಿ, ಒಂದು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ನಾನೂ ಇದನ್ನೇ ಅನುಭವಿಸಿದ್ದೇನೆ.

ನನಗೆ ಎರಡೂ ಕಿವಿ ಕೇಳಿಸುವುದು ತೀರಾ ಕಡಿಮೆ. ಹಿಯರಿಂಗ್ ಏಡ್ ಮಾತನ್ನೂ ಜೋರು ಮಾಡುತ್ತೆ, ಮೆಷಿನ್ ಸದ್ದನ್ನೂ ಜೋರು ಮಾಡುತ್ತೆ. ಹಾಗಾಗಿ ತುಟಿ ನೋಡಿಯೇ ಅರ್ಥ ಮಾಡಿಕೊಳ್ಳುತ್ತಿದ್ದೆ. ಶಿಫ್ಟ್ ಶುರುವಾಗುವಾಗ ನಮ್ಮ ಸೂಪರ್‌ವೈಸರ್ ಬೋರ್ಡ್ ಕಡೆ ತಿರುಗಿಕೊಂಡೇ ಮಾತಾಡುತ್ತಿದ್ದರು. “ಸ್ವಲ್ಪ ಈ ಕಡೆ ತಿರುಗಿ ಹೇಳಿ ಸಾರ್” ಅಂದರೆ ಬಾಯಿಗೆ ಕೈ ಅಡ್ಡ ಹಿಡಿದು ಏನೋ ಹೇಳೋರು. ಸುತ್ತಲಿನವರು ನಗೋದು ಮಾತ್ರ ನನಗೆ ಕಾಣಿಸುತ್ತಿತ್ತು.

ಆದರೆ ಕೆಲಸ ಹೋಗಿದ್ದು ಬೇರೆ ಕಾರಣಕ್ಕೆ. ಅರ್ಥವಾಗದಿದ್ದರೂ ತಲೆ ಆಡಿಸುವ ಅಭ್ಯಾಸ ನನಗೆ ಚಿಕ್ಕಂದಿನಿಂದ ಇತ್ತು. ಎರಡನೇ ಸಲ “ಏನು?” ಅಂದರೆ ಎದುರಿನವರು ಮುಖ ಗಂಟು ಹಾಕಿಕೊಳ್ತಾರೆ. ಇನ್ನೊಂದು ಸಲ ಕೇಳಿದರೆ “ಬಿಡು, ಏನಿಲ್ಲ” ಅಂತಾರೆ. ನಿಮಗೂ ಗೊತ್ತಿರುತ್ತೆ ಅಲ್ವಾ? ಅದಕ್ಕೇ ಸುಮ್ನೆ ಹೂಂ ಅಂದುಬಿಡೋದು. ಒಮ್ಮೆ ತಪ್ಪು ಲೇಬಲ್ ಅಂಟಿಸಿದ ಲೋಡ್ ವಾಪಸ್ ಬಂತು. ಎಚ್‌ಆರ್ ರೂಮಿಗೆ ಕರೆದರು. ಒಬ್ಬರ ಮಾತು ಮುಗಿಯುವ ಮುಂಚೆ ಇನ್ನೊಬ್ಬರು ಶುರು ಮಾಡುತ್ತಿದ್ದರು, ಅದರ ಮೇಲೆ ಮಾಸ್ಕ್ ಬೇರೆ. ಯಾರ ತುಟಿ ನೋಡಲಿ? ತಲೆ ಆಡಿಸುತ್ತಾ ಹೋದೆ. ಕೊನೆಗೆ ಇಂಗ್ಲಿಷ್ ಹಾಳೆ ಮುಂದಿಟ್ಟರು, ಓದದೆ ಸಹಿ ಹಾಕಿದೆ. ‘ಸೂಚನೆ ಅರ್ಥವಾಗಿತ್ತು, ನಾನೇ ನಿರ್ಲಕ್ಷ್ಯ ಮಾಡಿದೆ’ ಅಂತ ಅದರಲ್ಲಿತ್ತು. ಆ ಸೂಚನೆ ನನಗೆ ಕೇಳಿಸಿಯೇ ಇರಲಿಲ್ಲ! ಬಡ್ತಿ ಕೇಳಿದಾಗಲೂ ಅದೇ ಹಾಳೆ ತೋರಿಸಿದರು, ಕೆಲಸದಿಂದ ತೆಗೆದಾಗಲೂ ಅದನ್ನೇ ತೋರಿಸಿದರು. “ಬರೆದು ಕೊಡಿ, ಓದಿ ಉತ್ತರ ಕೊಡ್ತೀನಿ” ಅಂತ ನಾನು ಅವತ್ತೇ ಕೇಳಬೇಕಿತ್ತು.

ಅದಕ್ಕೇ ಹೇಳ್ತೀನಿ, ಸಹಿಸಿಕೊಳ್ಳೋದು ಹೇಗೆ ಅನ್ನೋ ಪ್ರಶ್ನೆಯನ್ನೇ ಬಿಟ್ಟುಬಿಡಿ. ನೀವು ಯಾಕೆ ಸಹಿಸಿಕೊಳ್ಳಬೇಕು? ‘ಎಚ್‌ಆರ್ ಹತ್ತಿರ ಕೂತು ಮಾತಾಡಿ’ ಅಂತ ಸಲಹೆ ಕೊಡುವವರ ಮಾತನ್ನೂ ನಾನು ಒಪ್ಪಲ್ಲ. ಮಾತಿನಲ್ಲಿ ಅವರದೇ ಮೇಲುಗೈ. ನೀವು ಬರವಣಿಗೆಗೆ ಎಳೆಯಿರಿ. ಸೂಪರ್‌ವೈಸರ್ ಬಾಯಲ್ಲಿ ಹೇಳಿದ ಪ್ರತಿ ಕೆಲಸಕ್ಕೂ ‘ನೀವು ಹೇಳಿದ್ದು ಇದೇ ಅಲ್ವಾ ಸಾರ್?’ ಅಂತ ವಾಟ್ಸಾಪ್ ಹಾಕಿ. ಅವಮಾನ ಮಾಡಿದ ದಿನ, ಜಾಗ, ಆಗ ಎದುರಿಗಿದ್ದವರ ಹೆಸರು ಅವತ್ತೇ ಬರೆದಿಡಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಖಾಸಗಿ ಕಂಪನಿಗೂ ಅನ್ವಯಿಸುತ್ತೆ. 20 ಅಥವಾ ಅದಕ್ಕಿಂತ ಜಾಸ್ತಿ ನೌಕರರಿರುವ ಕಂಪನಿ ಸಮಾನ ಅವಕಾಶ ನೀತಿ ಪ್ರಕಟಿಸಬೇಕು, ಅಂಗವಿಕಲ ನೌಕರರ ವಿಷಯ ನೋಡಿಕೊಳ್ಳಲು ಒಬ್ಬ ಸಂಪರ್ಕಾಧಿಕಾರಿಯನ್ನು ನೇಮಿಸಬೇಕು. ಆ ನೀತಿಯ ಪ್ರತಿಯನ್ನು ಇಮೇಲ್‌ನಲ್ಲಿ ಕೇಳಿ. ಬೇಕಂತಲೇ ಜನರ ಕಣ್ಣೆದುರು ಅಂಗವಿಕಲರಿಗೆ ಅವಮಾನ ಮಾಡಿದರೆ ಸೆಕ್ಷನ್ 92ರ ಪ್ರಕಾರ 6 ತಿಂಗಳಿಂದ 5 ವರ್ಷದವರೆಗೆ ಜೈಲು ಮತ್ತು ದಂಡ. ಕಂಪನಿ ಕೇಳದಿದ್ದರೆ ಬೆಂಗಳೂರಿನಲ್ಲಿರುವ ರಾಜ್ಯ ಅಂಗವಿಕಲರ ಆಯುಕ್ತರಿಗೆ ದೂರು ಬರೆಯಿರಿ. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್, ಇನ್ನೂ ಮಾಡಿಸಿಲ್ಲದಿದ್ದರೆ ಮೊದಲು ಮಾಡಿಸಿ.

ದೂರು ಕೊಟ್ಟ ಮೇಲೆ ರಾಜೀನಾಮೆಗೆ ಒತ್ತಾಯ ಮಾಡಬಹುದು. ಅಲ್ಲೇ ಸಹಿ ಹಾಕಬೇಡಿ. ‘ಮನೆಗೆ ಒಯ್ದು ಓದಿ ಉತ್ತರ ಕೊಡ್ತೀನಿ’ ಅಂತ ಒಂದು ಚೀಟಿಯಲ್ಲಿ ಬರೆದು ತೋರಿಸಿ, ಆ ಚೀಟಿಯ ಫೋಟೋ ತೆಗೆದುಕೊಂಡು ಎದ್ದು ಬನ್ನಿ.