ಶಾಲೆಯಲ್ಲಿ ಮಳೆ, ಮೋಡದ ದಾಖಲೆ: ಎಲ್ಲಿಂದ ಶುರು ಮಾಡಬೇಕು?

8ನೇ ತರಗತಿಯ ನಲವತ್ತು ಮಕ್ಕಳು, ಇರೋದು ಒಂದೇ ಫೋನು, ಖರ್ಚಿಗೆ ದುಡ್ಡಿಲ್ಲ; ಆದರೂ ಮಕ್ಕಳು ಬರೆದಿಟ್ಟಿದ್ದು ವಿಜ್ಞಾನಿಗಳಿಗೆ ಉಪಯೋಗವಾಗಬೇಕು ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ. ಮೊದಲು ಮಳೆ ಹಿಡಿಯಿರಿ, ಮೋಡ ಆಮೇಲೆ.

10 ಸೆಂ.ಮೀ. ಬಾಯಿಯ ಪ್ಲಾಸ್ಟಿಕ್ ಆಲಿಕೆಯನ್ನು 2 ಲೀಟರ್ ಬಾಟಲಿಗೆ ಬಿಗಿಯಾಗಿ ಕೂರಿಸಿ. ಬಾಟಲಿಗೆ ಸ್ಕೇಲ್ ಅಂಟಿಸಿ ಓದಬೇಡಿ. ತಳ ಉಬ್ಬುತಗ್ಗಾಗಿರುವುದರಿಂದ ಲೆಕ್ಕ ತಪ್ಪುತ್ತದೆ. ನೀರನ್ನು ಲ್ಯಾಬಿನ ಅಳತೆ ಜಾಡಿಗೆ ಸುರಿದು ಅಳೆಯಿರಿ. ಆಲಿಕೆಯ ಬಾಯಿಯ ವಿಸ್ತೀರ್ಣ 78.5 ಚದರ ಸೆಂ.ಮೀ., ಹಾಗಾಗಿ 7.85 ಮಿ.ಲೀ. ನೀರು ಅಂದರೆ 1 ಮಿ.ಮೀ. ಮಳೆ. ಜಾಡಿಯಲ್ಲಿ 157 ಮಿ.ಲೀ. ಬಂದರೆ 20 ಮಿ.ಮೀ. ಈ ಭಾಗಾಕಾರ ಮಕ್ಕಳೇ ಮಾಡಲಿ. 1 ಲೀಟರ್ ಬಾಟಲಿ ಸಾಲದು: 127 ಮಿ.ಮೀ.ಗೇ ತುಂಬಿ ಚೆಲ್ಲುತ್ತದೆ, ಮಲೆನಾಡು, ಕರಾವಳಿಯಲ್ಲಿ ಅಷ್ಟು ಮಳೆ ಒಂದೇ ದಿನದಲ್ಲಿ ಬಂದುಬಿಡುತ್ತದೆ.

ಆಲಿಕೆಯ ಅಂಚು ನೆಲದಿಂದ 30 ಸೆಂ.ಮೀ. ಮೇಲಿರಲಿ. ಮರ, ಗೋಡೆ ಎಷ್ಟು ಎತ್ತರವೋ ಅದರ ಎರಡರಷ್ಟು ದೂರದಲ್ಲಿಡಿ. ತಾರಸಿ ಬೇಡ, ಅಲ್ಲಿ ಗಾಳಿ ಹನಿಗಳನ್ನು ಆಚೆ ತಳ್ಳಿ ಮಳೆ ಕಡಿಮೆ ತೋರಿಸುತ್ತದೆ.

ಹವಾಮಾನ ಇಲಾಖೆ ದಿನದ ಮಳೆ ಅಳೆಯುವುದು ಬೆಳಿಗ್ಗೆ 8:30ಕ್ಕೆ. ಶಾಲೆಯ ಪಕ್ಕದಲ್ಲೇ ಮನೆ ಇರುವ ಇಬ್ಬರಿಗೆ ಈ ಕೆಲಸ ಒಪ್ಪಿಸಿ. ಮಳೆ ಬರದಿದ್ದರೆ 0 ಬರೆಯಬೇಕು. ನೋಡೋಕೇ ಆಗದಿದ್ದರೆ ಅಡ್ಡಗೆರೆ. ಅಲ್ಲಿ 0 ಬರೆದರೆ ಅದು ಸುಳ್ಳು ದಾಖಲೆ. ಭಾನುವಾರ ತಪ್ಪಿದರೆ ಸೋಮವಾರದ ಅಳತೆಯನ್ನು ‘2 ದಿನದ್ದು’ ಅಂತಲೇ ಬರೆಯಿರಿ, ಅರ್ಧರ್ಧ ಹಂಚಬೇಡಿ.

ಮೋಡಕ್ಕೆ ನಾಸಾ ಬೆಂಬಲದ ‘ಗ್ಲೋಬ್ ಅಬ್ಸರ್ವರ್’ ಆ್ಯಪ್ ಸಾಕು, ಉಚಿತ. ಉಪಗ್ರಹ ಮೇಲಿನಿಂದ ನೋಡುತ್ತದೆ, ಮೇಲಿನ ದಟ್ಟ ಪದರ ಕೆಳಗಿನ ಮೋಡವನ್ನು ಮುಚ್ಚಿಬಿಡುತ್ತದೆ. ಮಕ್ಕಳು ಕಾಣುವುದು ಆ ಕೆಳಭಾಗವನ್ನೇ. ಉಪಗ್ರಹ ನಿಮ್ಮೂರ ಮೇಲೆ ಹಾಯುವ ಹೊತ್ತನ್ನು ಆ್ಯಪ್ಪೇ ಹೇಳುತ್ತದೆ, ಆ ಸಮಯಕ್ಕೇ ಹೊರಗೆ ಕರೆತನ್ನಿ.

ಆಕಾಶ ಎಷ್ಟು ಮುಚ್ಚಿದೆ ಅನ್ನುವುದರಲ್ಲೇ ಎಲ್ಲರೂ ಎಡವುವುದು. ದಿಗಂತದ ಹತ್ತಿರ ಮೋಡಗಳ ಪಕ್ಕೆ ಕಾಣುವುದರಿಂದ ನಡುವೆ ಖಾಲಿ ಜಾಗವೇ ಇಲ್ಲದಂತೆ ತೋರುತ್ತದೆ; ಮಕ್ಕಳು 40ರ ಬದಲು 70 ಶೇಕಡಾ ಬರೆದುಬಿಡುತ್ತಾರೆ. ಕೈ ನೀಟಾಗಿ ಚಾಚಿ, ದಿಗಂತದಿಂದ ಒಂದೂವರೆ ಮುಷ್ಟಿ ಎತ್ತರ ಬಿಟ್ಟು ಅದರ ಮೇಲಿನದನ್ನಷ್ಟೇ ಎಣಿಸಲಿ. ನಾಲ್ವರು ಬೆನ್ನಿಗೆ ಬೆನ್ನು ಕೊಟ್ಟು ನಿಂತು, ತಮ್ಮ ತಮ್ಮ ಕಾಲುಭಾಗ ಆಕಾಶದ ಶೇಕಡಾ ಹೇಳಲಿ, ಸರಾಸರಿ ತೆಗೆಯಿರಿ. ಒಬ್ಬರ ಅಂದಾಜನ್ನು ಇನ್ನೊಬ್ಬರು ಮೊದಲೇ ಕೇಳಿಸಿಕೊಳ್ಳಬಾರದು. ಸೂರ್ಯ ಕಟ್ಟಡದ ಮರೆಯಲ್ಲಿರುವಂತೆ ನಿಂತೇ ಆಕಾಶ ನೋಡಬೇಕು, ಇದರಲ್ಲಿ ರಾಜಿ ಇಲ್ಲ.

ಮೋಡದ ವೀಕ್ಷಣೆಯನ್ನು ಜುಲೈನಲ್ಲಿ ಶುರು ಮಾಡಬೇಡಿ. ದಿನವೂ ಅದೇ ಬೂದು ಪದರು, ವಾರದಲ್ಲೇ ಮಕ್ಕಳಿಗೆ ಬೇಸರ ಬರುತ್ತದೆ. ಅಕ್ಟೋಬರ್ ಒಳ್ಳೆಯದು: ಬೆಳಿಗ್ಗೆ ಸಣ್ಣ ರಾಶಿ ಮೋಡ, ಮಧ್ಯಾಹ್ನ ಅದೇ ಹೂಕೋಸಿನ ಹಾಗೆ ಉಬ್ಬಿ, ಸಂಜೆಗೆ ನೆತ್ತಿ ಚಪ್ಪಟೆಯಾಗಿ ಗುಡುಗುವುದನ್ನು ಒಂದೇ ದಿನದಲ್ಲಿ ತೋರಿಸಬಹುದು.

ನಿಮ್ಮ ಅಂಕಿ ಪಂಚಾಯಿತಿಯ ಮಳೆಮಾಪಕದ ಅಂಕಿಗೆ ಹೊಂದದ ದಿನಗಳು ಬಂದೇ ಬರುತ್ತವೆ. ಗುಡುಗು ಮಳೆ ಒಂದು ಕೇರಿಗೆ ಬಿದ್ದು ಪಕ್ಕದ ಕೇರಿ ಒಣಗಿರುತ್ತದೆ. ತಿದ್ದಬೇಡಿ, ಅಳೆದದ್ದನ್ನು ಹಾಗೇ ಇಡಿ. ವಾರಗಟ್ಟಲೆ ಒಂದೇ ಸಮನೆ ಕಡಿಮೆ ಬರುತ್ತಿದ್ದರೆ ಮಾತ್ರ ಆಲಿಕೆಯ ಕೊಳವೆ ನೋಡಿ, ಎಲೆ ಸಿಕ್ಕಿಕೊಂಡಿರುತ್ತದೆ.